“ಡಿ ಡ್ರೈವ್‌ನಲ್ಲಿ ಇದೆಯಲ್ಲ, ಮತ್ತೇನು?”

ಸೊರಬ, ಶಿಕಾರಿಪುರದ ಕಡೆ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ವರ್ಷಕ್ಕೆ ಎರಡು ಸುಗ್ಗಿ. ಯುಗಾದಿ ಕಳೆದು ಭರಣಿ ಮಳೆಯ ಗುಡುಗು ಸಿಡಿಲು ಶುರುವಾದಾಗ ಒಂದು. ಆರಿದ್ರೆ, ಪುನರ್ವಸು, ಪುಷ್ಯ ಎಂದು ಸಾಲಾಗಿ ಹಿಡಿದ ಮಳೆ ಬಿಟ್ಟು, ಜನ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದಾಗ ಇನ್ನೊಂದು. ಎರಡು ಸುಗ್ಗಿಯಲ್ಲೂ ಕೌಂಟರಿನ ಈಚೆ ನಿಂತವರ ಮಾತು ಹೆಚ್ಚುಕಮ್ಮಿ ಒಂದೇ: “ಮಷೀನ್ ಹೋದ್ರೆ ಹೋಗ್ಲಿ ಸಾರ್, ಒಳಗಿನ ಫೋಟೊ ತೆಗೆದುಕೊಡಿ.”

ಹೊಸಬಾಳೆಯಂಥ ಊರಿನ ಒಂದು ಮನೆಯ ಕಂಪ್ಯೂಟರ್ ಒಳಗೆ ಏನಿರುತ್ತದೆ? ಮಗಳ ಮದುವೆಯ ಫೋಟೊ, ವಿಡಿಯೊ. ಮಕ್ಕಳ ಅಂಕಪಟ್ಟಿಯ ಸ್ಕ್ಯಾನ್. ಅಡಿಕೆ ಮಂಡಿಯ ಪಟ್ಟಿಗಳು, ತೋಟದ ಕೂಲಿ ಲೆಕ್ಕ ಬರೆದಿಟ್ಟ ಎಕ್ಸೆಲ್. ಅಜ್ಜಿ ಬದುಕಿದ್ದಾಗ ಮೊಬೈಲಿನಲ್ಲಿ ಹಿಡಿದ ಹಸೆ ಹಾಡು. ಮೇಷ್ಟರೊಬ್ಬರು ನಿವೃತ್ತಿಯ ನಂತರ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಊರಿನ ಇತಿಹಾಸ. ಇಷ್ಟನ್ನು ಉಳಿಸಿಕೊಳ್ಳುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಅಡ್ಡ ಬರುವುದು ನಾವು ಗಟ್ಟಿಯಾಗಿ ನಂಬಿಕೊಂಡಿರುವ ಕೆಲವು ಮಾತುಗಳು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: “ಮುಖ್ಯವಾದದ್ದೆಲ್ಲ ಡಿ ಡ್ರೈವ್‌ಗೆ ಹಾಕಿಟ್ಟಿದ್ದೇನೆ, ಏನೂ ಆಗುವುದಿಲ್ಲ.”

ವಾಸ್ತವ: ನಮ್ಮ ಕಡೆ ಅತಿ ಹೆಚ್ಚು ಫೋಟೊ ಕಳೆದದ್ದು ಈ ನಂಬಿಕೆಯಿಂದಲೇ ಎಂದು ನಾನಂತೂ ಹೇಳುತ್ತೇನೆ. ಇದು ಹುಟ್ಟಿದ್ದಕ್ಕೂ ಕಾರಣ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮಾತೆತ್ತಿದರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಿತ್ತು, ಅಂಗಡಿಯವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಕೊಡುತ್ತಿದ್ದರು. ಸಿಯಲ್ಲಿದ್ದದ್ದು ಹೋಗುತ್ತಿತ್ತು, ಡಿಯಲ್ಲಿದ್ದದ್ದು ಉಳಿಯುತ್ತಿತ್ತು. ಅಲ್ಲಿಂದ ಡಿ ಎಂದರೆ ತಿಜೋರಿ ಎಂಬ ಭಾವನೆ ಬಂತು.

ಆದರೆ ಹೆಚ್ಚಿನ ಮನೆಗಳ ಕಂಪ್ಯೂಟರಿನಲ್ಲಿ ಸಿ, ಡಿ, ಇ ಎಂದು ಕಾಣುವುದು ಮೂರು ಡಿಸ್ಕ್ ಅಲ್ಲ, ಒಂದೇ ಡಿಸ್ಕಿನ ಮೂರು ಭಾಗ. ಕಣಜದ ಮಧ್ಯೆ ಹಲಗೆ ಹಾಕಿ ಎರಡು ಬಗೆಯ ಭತ್ತ ತುಂಬಿದಂತೆ. ಕಣಜಕ್ಕೇ ನೀರು ನುಗ್ಗಿದ ದಿನ ಹಲಗೆ ಏನು ಮಾಡೀತು? ಡಿಸ್ಕ್ ಸುಟ್ಟರೆ, ಕೆಟ್ಟರೆ, ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳುವಾದರೆ ಸಿಯೂ ಇಲ್ಲ, ಡಿಯೂ ಇಲ್ಲ. ನಿಮ್ಮದು ಹೇಗಿದೆ ಎಂದು ಈಗಲೇ ನೋಡಬಹುದು. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲ ಬಟನ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಡೆ ‘ಡಿಸ್ಕ್ 0’ ಎಂಬ ಒಂದೇ ಸಾಲಿನಲ್ಲಿ ಸಿ ಮತ್ತು ಡಿ ಅಕ್ಕಪಕ್ಕ ಕೂತಿದ್ದರೆ ನಿಮಗಿರುವುದು ಒಂದೇ ಡಿಸ್ಕ್. ಅಂದ ಹಾಗೆ, ಡೆಸ್ಕ್‌ಟಾಪ್ ತುಂಬ ಫೈಲ್ ಹರವಿಕೊಂಡಿರುವವರಿಗೆ ಒಂದು ಮಾತು: ಡೆಸ್ಕ್‌ಟಾಪ್ ಇರುವುದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ. ಅಂಗಡಿಯಲ್ಲಿ ಫಾರ್ಮ್ಯಾಟ್ ಆಗುವಾಗ ಮೊದಲು ಹೋಗುವುದು ಅದೇ.

ತಪ್ಪು ಕಲ್ಪನೆ: “ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ಎಲ್ಲವನ್ನೂ ಅದಕ್ಕೆ ಸಾಗಿಸಿದೆ. ಬ್ಯಾಕಪ್ ಆಯಿತು.”

ವಾಸ್ತವ: ಕಟ್ ಮಾಡಿ ಪೇಸ್ಟ್ ಮಾಡಿದ್ದರೆ ಫೈಲು ಮನೆ ಬದಲಿಸಿದೆ, ಅಷ್ಟೇ. ಮೊದಲೂ ಒಂದೇ ಪ್ರತಿ, ಈಗಲೂ ಒಂದೇ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹೀಗೆ ಮಾಡುವವರೇ ಹೆಚ್ಚು. ಮೇಜಿನ ಮೇಲೆ ನಿಂತು ಓಡುವ ಡೆಸ್ಕ್‌ಟಾಪಿಗಿಂತ, ಕೈಯಿಂದ ಕೈಗೆ ಹೋಗುವ ಈ ಪುಟ್ಟ ಡಿಸ್ಕ್ ಬೀಳುವ ಸಾಧ್ಯತೆಯೇ ಜಾಸ್ತಿ. ಒಳಗೆ ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುವ ಹೆಡ್. ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ಮುಗಿಯಿತು. ವಾರಂಟಿ ಇದೆ ಎನ್ನಬೇಡಿ. ವಾರಂಟಿಯಲ್ಲಿ ಕಂಪನಿ ಕೊಡುವುದು ಹೊಸ ಡಿಸ್ಕ್. ಅದರಲ್ಲಿ ನಿಮ್ಮ ಮಗಳ ಮದುವೆ ಇರುವುದಿಲ್ಲ.

ಪ್ರತಿ ಎರಡಾದರೆ ಏನಾಗುತ್ತದೆ ಎನ್ನುವುದಕ್ಕೆ ಈ ಎರಡು ತಾಲ್ಲೂಕುಗಳಿಗಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಶಾಸನಕ್ಕೆ ಇಲ್ಲಿ ಬರವಿಲ್ಲ. ತಾಳಗುಂದ, ಬಳ್ಳಿಗಾವಿ ಶಿಕಾರಿಪುರಕ್ಕೆ ಸೇರಿದರೆ ಕುಪ್ಪಟೂರು, ಉದ್ರಿ ಸೊರಬಕ್ಕೆ. ಶಾಸನತಜ್ಞ ಬಿ.ಎಲ್. ರೈಸ್ ಈ ಸೀಮೆಯ ಕಲ್ಲುಗಳ ಪಾಠವನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಶಿಕಾರಿಪುರದವು 1902ರ ಏಳನೇ ಸಂಪುಟದಲ್ಲಿ, ಸೊರಬದವು 1904ರ ಎಂಟನೇ ಸಂಪುಟದಲ್ಲಿ ಇವೆ. ಕಲ್ಲಿಗಿಂತ ಗಟ್ಟಿ ಮಾಧ್ಯಮ ಯಾವುದಿದೆ? ಆದರೂ ಕಲ್ಲು ಸವೆಯುತ್ತದೆ, ಒಡೆಯುತ್ತದೆ, ಬಟ್ಟೆ ಒಗೆಯುವ ಹಾಸಾಗುತ್ತದೆ. ಊರಿನಲ್ಲಿ ಶಾಸನ ಓದಲು ಬಾರದಷ್ಟು ಸವೆದರೂ ಮೈಸೂರು, ಧಾರವಾಡ, ಲಂಡನ್ನಿನ ಗ್ರಂಥಾಲಯದಲ್ಲಿ ಅದರ ಪಾಠ ಸಿಗುತ್ತದೆ. ಕಾಗದ ಕಲ್ಲಿಗಿಂತ ಗಟ್ಟಿ ಎಂದು ಅದು ಉಳಿದದ್ದಲ್ಲ, ಹಲವು ಪ್ರತಿಯಾಗಿ ಹಲವು ಊರಿನಲ್ಲಿ ಇದ್ದದ್ದಕ್ಕೆ ಉಳಿಯಿತು.

ಕಂಪ್ಯೂಟರಿನವರು ಇದನ್ನೇ 3-2-1 ಎನ್ನುತ್ತಾರೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರ ಇದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಮನೆಮಟ್ಟಿಗೆ ಎರಡು ಡಿಸ್ಕ್ ಇದ್ದು ಒಂದು ಬೇರೆ ಊರಲ್ಲಿದ್ದರೂ ಮುಕ್ಕಾಲು ಗೆದ್ದಂತೆ.

ತಪ್ಪು ಕಲ್ಪನೆ: “ಎಲ್ಲ ಗೂಗಲ್‌ನಲ್ಲಿ ತಾನೇ ಹೋಗಿ ಕೂರುತ್ತದೆ.”

ವಾಸ್ತವ: ಕೂರುತ್ತದೆ, ಜಾಗ ಇರುವವರೆಗೆ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಮೊದಲು ಫೋಟೋಸ್‌ನಲ್ಲಿ ತುಸು ಕುಗ್ಗಿಸಿದ ಚಿತ್ರಗಳನ್ನು ಎಷ್ಟು ಬೇಕಾದರೂ ಇಡಬಹುದಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಎಷ್ಟೋ ಫೋನುಗಳಲ್ಲಿ ‘ಸ್ಟೋರೇಜ್ ಫುಲ್’ ಎಂಬ ಸಾಲು ತಿಂಗಳುಗಟ್ಟಲೆ ಕಾಣುತ್ತಿರುತ್ತದೆ, ಬೆರಳು ಅದನ್ನು ತಳ್ಳಿ ಮುಂದೆ ಹೋಗುತ್ತಿರುತ್ತದೆ. ಅಷ್ಟು ತಿಂಗಳ ಫೋಟೊ ಫೋನಿನಲ್ಲಿ ಮಾತ್ರ ಇವೆ.

ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ಗೂಗಲ್ ಡ್ರೈವ್, ಒನ್‌ಡ್ರೈವ್‌ನಂಥವು ಮಾಡುವ ಮುಖ್ಯ ಕೆಲಸ ಸಿಂಕ್, ಅಂದರೆ ಇಲ್ಲಿದ್ದದ್ದನ್ನು ಅಲ್ಲಿಯೂ ಹಾಗೇ ಇಡುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಫೋನ್ ಭಾರ ಆಯಿತೆಂದು ಫೋಟೋಸ್ ಆ್ಯಪ್‌ನಲ್ಲಿ ಕೂತು ಹಳೆಯದನ್ನೆಲ್ಲ ಡಿಲೀಟ್ ಮಾಡುವ ಮೊಮ್ಮಗನಿಗೆ, ತಾನು ಅಜ್ಜನ ಎರಡೂ ಪ್ರತಿ ಅಳಿಸುತ್ತಿದ್ದೇನೆ ಎಂಬ ಕಲ್ಪನೆಯೇ ಇರುವುದಿಲ್ಲ. ಕಸದ ಬುಟ್ಟಿಯಲ್ಲಿ ಫೋಟೋಸ್ 60 ದಿನ, ಡ್ರೈವ್ 30 ದಿನ ಇಟ್ಟುಕೊಳ್ಳುತ್ತದೆ. ಆಮೇಲೆ ಸಿಗದು. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನೇ ಅಳಿಸುವ ನಿಯಮವನ್ನೂ ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತೀರಿಹೋದ ಹಿರಿಯರ ಖಾತೆಯಲ್ಲಿ ಏನಾದರೂ ಉಳಿದಿದ್ದರೆ ಇಳಿಸಿಕೊಳ್ಳಲು ತಡ ಮಾಡಬೇಡಿ.

ಹಾಗಾದರೆ ಹಣ ಕೊಟ್ಟು ಎಲ್ಲವನ್ನೂ ಕ್ಲೌಡಿಗೆ ಹಾಕುವುದೇ? ಹಾಕಬಹುದು, ಲೆಕ್ಕ ನೋಡಿ ಹಾಕಿ. ಮದುವೆ, ಗೃಹಪ್ರವೇಶ ಸೇರಿ 200 ಜಿಬಿ ಇದೆ ಎನ್ನಿ. ಅಪ್‌ಲೋಡ್ ವೇಗ 5 ಎಂಬಿಪಿಎಸ್ ಸಿಕ್ಕರೆ ಒಂದೇ ಸಮನೆ ಸುಮಾರು 89 ಗಂಟೆ ಬೇಕು. ಕರೆಂಟು, ನೆಟ್ವರ್ಕ್ ಎರಡೂ ಅಷ್ಟು ಹೊತ್ತು ನಮ್ಮ ಜೊತೆ ಇರುವುದು ಯಾವ ಕಾಲದಲ್ಲಿ? ಅದೇ 200 ಜಿಬಿ ಯುಎಸ್‌ಬಿ 3 ಡಿಸ್ಕಿಗೆ ಒಂದು ಊಟ ಮುಗಿಯುವಷ್ಟರಲ್ಲಿ ಹೋಗುತ್ತದೆ. ಫೈಬರ್ ಬಂದಿರುವ ಮನೆಯವರು ಎರಡನ್ನೂ ಮಾಡಲಿ. ಉಳಿದವರು ಅಂಕಪಟ್ಟಿ, ಲೆಕ್ಕ, ಬರಹದಂಥ ಹಗುರ ಫೈಲನ್ನು ಕ್ಲೌಡಿಗೆ ಕಳಿಸಿ, ಭಾರದ ವಿಡಿಯೊಗಳನ್ನು ಡಿಸ್ಕಿನಲ್ಲಿ ಇಡುವುದು ಜಾಣತನ.

ತಪ್ಪು ಕಲ್ಪನೆ: “ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೇನಲ್ಲ, ಯಾರದ್ದಾದರೂ ಫೋನಿನಲ್ಲಿ ಇರುತ್ತದೆ.”

ವಾಸ್ತವ: ಇರುವುದು ಕುಗ್ಗಿದ ಪ್ರತಿ. 12 ಮೆಗಾಪಿಕ್ಸೆಲ್ ಚಿತ್ರವನ್ನು ಮಾಮೂಲಿ ರೀತಿಯಲ್ಲಿ ಕಳಿಸಿದರೆ ತಲುಪುವುದು ಸುಮಾರು 2 ಮೆಗಾಪಿಕ್ಸೆಲ್. ಫೋನಿನಲ್ಲಿ ಚೆಂದ ಕಾಣುತ್ತದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕುವಾಗ ಗೊತ್ತಾಗುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಮೂಲ ಹಾಗೇ ಹೋಗುತ್ತದೆ.

ತಪ್ಪು ಕಲ್ಪನೆ: “ಇನ್ವರ್ಟರ್ ಇದೆ, ಸ್ಪೈಕ್ ಗಾರ್ಡ್ ಇದೆ. ಸಿಡಿಲು ಏನು ಮಾಡೀತು?”

ವಾಸ್ತವ: ಏನು ಬೇಕಾದರೂ ಮಾಡೀತು. ಮನೆಯ ಸಾಮಾನ್ಯ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇರುವಾಗ ಅದನ್ನು ಹಾಗೇ ಒಳಗೆ ಬಿಡುತ್ತದೆ. ಕರೆಂಟ್ ಹೋದಾಗ ಮಾತ್ರ ಬ್ಯಾಟರಿಗೆ ತಿರುಗುತ್ತದೆ. ಲೈನಿನ ಮೇಲೆ ಎಲ್ಲೋ ಸಿಡಿಲು ಬಡಿದರೆ ಆ ಹೊಡೆತಕ್ಕೆ ಅದು ಅಡ್ಡ ನಿಲ್ಲುವುದಿಲ್ಲ. ಸ್ಪೈಕ್ ಗಾರ್ಡ್ ಒಳಗೆ ಇರುವುದು ಬಿಲ್ಲೆಯಂಥ ಒಂದು ಪುಟ್ಟ ಭಾಗ, ಹೆಚ್ಚಾದ ವೋಲ್ಟೇಜನ್ನು ನುಂಗುವುದು ಅದರ ಕೆಲಸ. ಸಣ್ಣಪುಟ್ಟ ಏರಿಳಿತವನ್ನು ನುಂಗಿ ನುಂಗಿ ಅದೂ ಸವೆಯುತ್ತದೆ, ಸವೆದದ್ದು ಹೊರಗೆ ಕಾಣುವುದಿಲ್ಲ, ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಅರ್ತಿಂಗ್ ಸರಿಯಿಲ್ಲದಿದ್ದರೆ ಇದ್ದ ರಕ್ಷಣೆಯೂ ಅರ್ಧ. ನಮ್ಮಲ್ಲಿ ಅರ್ತಿಂಗ್ ಗುಂಡಿ ಅತಿ ಒಣಗಿರುವುದು ಏಪ್ರಿಲ್‌ನಲ್ಲಿ, ಸಿಡಿಲಿನ ಕಾಟ ಏಳುವುದೂ ಅದೇ ಹೊತ್ತಿಗೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವ ಹಳೆಯ ರೂಢಿ ಸುಮ್ಮನೆ ಬಂದದ್ದಲ್ಲ.

ಸಿಡಿಲು ಬರುವ ದಾರಿ ಕರೆಂಟಿನ ವೈರೊಂದೇ ಅಲ್ಲ. ಮೊದಲು ತಾಮ್ರದ ಟೆಲಿಫೋನ್ ತಂತಿಯಲ್ಲಿ ಬಂದು ಮೋಡೆಮ್ ಸುಟ್ಟು, ನೆಟ್ ಕೇಬಲ್ ಹಿಡಿದು ಕಂಪ್ಯೂಟರಿಗೂ ಬರುತ್ತಿತ್ತು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಅಷ್ಟು ನೆಮ್ಮದಿ. ಆದರೆ ಫೈಬರ್ ಡಬ್ಬಿಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇದೆ. ಗುಡುಗು ಕೇಳಿದ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಅದೂ ಸಿಡಿಲು ಹತ್ತಿರ ಬರುವ ಮೊದಲೇ, ಬಂದ ಮೇಲೆ ಪ್ಲಗ್ಗಿನ ತಂಟೆಗೆ ಹೋಗಬೇಡಿ. ಬ್ಯಾಕಪ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಡುವವರಿದ್ದಾರೆ. ಸಿಡಿಲಿಗೆ ಮೂಲವೂ ನಕಲೂ ಒಂದೇ ಹೊಡೆತಕ್ಕೆ ಸಿಗುತ್ತವೆ. ಕೆಲಸ ಮುಗಿದ ಮೇಲೆ ಕಳಚಿ ಇಡಿ. ನಮ್ಮ ಸೀಮೆಗೆ ಸಂಬಂಧಿಸಿದಂತೆ ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ತಪ್ಪು ಕಲ್ಪನೆ: “ಸಿಡಿಗೆ ಬರೆಸಿ, ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿ ಭದ್ರವಾಗಿಟ್ಟಿದ್ದೇನೆ.”

ವಾಸ್ತವ: ಮಲೆನಾಡಿನ ಸೆರಗಿನ ಮಳೆಗಾಲದಲ್ಲಿ ಬೀರುವಿನ ರೇಷ್ಮೆ ಸೀರೆಗೇ ಬೂಸಲು ಬರುತ್ತದೆ. ಮನೆಯಲ್ಲಿ ಬರೆದ ಸಿಡಿ, ಡಿವಿಡಿಗಳಲ್ಲಿ ದತ್ತಾಂಶ ಕೂರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ತೇವ, ಶಾಖಕ್ಕೆ ಅದು ಹಾಳಾಗುತ್ತದೆ. ಹತ್ತು ಹದಿನೈದು ವರ್ಷದ ಹಿಂದಿನ ಮದುವೆಯ ಡಿವಿಡಿ ಮನೆಯಲ್ಲಿದ್ದರೆ ಇವತ್ತೇ ತೆಗೆದು ಓದಿಸಿ ನೋಡಿ. ಓದುವ ಡ್ರೈವ್ ಇರುವ ಕಂಪ್ಯೂಟರ್ ಹುಡುಕುವುದೇ ಈಗ ಒಂದು ಕೆಲಸ. “ಸ್ಟುಡಿಯೋದವರ ಹತ್ತಿರ ಇದ್ದೇ ಇರುತ್ತದೆ” ಎಂದು ಕೂರಬೇಡಿ. ಅವರ ಡಿಸ್ಕಿಗೂ ಮುಂದಿನ ಸೀಸನ್ನಿನ ಮದುವೆಗಳು ಬರುತ್ತವೆ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಹೊತ್ತೊಯ್ಯುವುದಕ್ಕೆ ಸರಿ, ವರ್ಷಗಟ್ಟಲೆ ಕೂಡಿಡುವುದಕ್ಕೆ ಅಲ್ಲ. ಅವುಗಳಲ್ಲೂ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯಲ್ಲೂ ಮಾಹಿತಿ ನಿಲ್ಲುವುದು ವಿದ್ಯುದಾವೇಶವಾಗಿ. ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದರೆ ಅದು ನಿಧಾನವಾಗಿ ಸೋರಬಹುದು, ಹಳತಾದಷ್ಟೂ ಬೇಗ. ಜಾತ್ರೆಯಲ್ಲೋ ಆನ್‌ಲೈನ್‌ನಲ್ಲೋ ಕಡಿಮೆ ಬೆಲೆಗೆ ಸಿಗುವ ‘2 ಟಿಬಿ’ ಪೆನ್‌ಡ್ರೈವ್‌ಗಳ ಗೊಡವೆಯೇ ಬೇಡ. ಒಳಗಿರುವ ಚಿಪ್ಪು ಚಿಕ್ಕದು, ಕಂಪ್ಯೂಟರಿಗೆ ಮಾತ್ರ ದೊಡ್ಡ ಲೆಕ್ಕ ಹೇಳುವಂತೆ ತಿದ್ದಿರುತ್ತಾರೆ. ತುಂಬಿದ ಮೇಲೆ ಹಾಕಿದ್ದೆಲ್ಲ ಹಳೆಯದರ ಮೇಲೆಯೇ ಬೀಳುತ್ತದೆ.

ಡಿಸ್ಕನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವ ಹೀರಲೆಂದು ಅಕ್ಕಿ ಡಬ್ಬಿಯಲ್ಲಿ ಹೂಳುವುದು ಬೇಡ, ಹೊಟ್ಟಿನ ಧೂಳು ಕನೆಕ್ಟರಿಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವ ಯೋಚನೆಯೂ ಬೇಡ. ಅಡಿಕೆಗೆ ಒಗ್ಗುವ ಜಾಗ ಡಿಸ್ಕಿಗೆ ಒಗ್ಗುವುದಿಲ್ಲ.

ತಪ್ಪು ಕಲ್ಪನೆ: “ನಮ್ಮಂಥವರ ಕಂಪ್ಯೂಟರಿಗೆ ಯಾರು ಕನ್ನ ಹಾಕುತ್ತಾರೆ?”

ವಾಸ್ತವ: ಯಾರೂ ನಿಮ್ಮ ಹೆಸರು ಹಿಡಿದು ಬರುವುದಿಲ್ಲ. ಬಾಗಿಲು ತೆರೆದಿರುವ ಮನೆಗೆಲ್ಲ ನುಗ್ಗುವ ಜಾತಿ ಅದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಪುಕ್ಕಟೆ ಸಿನಿಮಾ, ಕ್ರ್ಯಾಕ್ ಮಾಡಿದ ತಂತ್ರಾಂಶದ ಜೊತೆ ಇಂಥದ್ದು ಒಳಗೆ ಬರುತ್ತದೆ. ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕಿಗೂ ಅದು ಬೀಗ ಹಾಕುತ್ತದೆ. ಕಳಚಿ ಇಟ್ಟದ್ದಕ್ಕೆ ಹಾಕಲಾರದು.

ತಪ್ಪು ಕಲ್ಪನೆ: “ಹೋದರೂ ಬೆಂಗಳೂರಿನಲ್ಲಿ ತೆಗೆದುಕೊಡುವವರು ಇದ್ದಾರೆ.”

ವಾಸ್ತವ: ಇದ್ದಾರೆ. ಒಳಗಿನ ಭಾಗ ಬದಲಿಸಿ ಡೇಟಾ ತೆಗೆಯುವ ಕೆಲಸಕ್ಕೆ ಎಷ್ಟೋ ಸಲ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಹಣ ಬೀಳುತ್ತದೆ, ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ. ತಿರುಗುವ ಡಿಸ್ಕಿನಲ್ಲಿ ಅಳಿಸಿದ ಫೈಲು ಅದರ ಮೇಲೆ ಬೇರೆಯದು ಬರೆಯುವವರೆಗೆ ಉಳಿದಿರುತ್ತದೆ, ಹಾಗಾಗಿ ಹಳೆಯ ಕಾಲದಲ್ಲಿ ಊರಿನ ಅಂಗಡಿಯಲ್ಲೇ ಎಷ್ಟೋ ಸಲ ವಾಪಸ್ ಸಿಗುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ತಾನೇ ಸ್ವಚ್ಛ ಮಾಡಿಬಿಡುತ್ತದೆ. ವೇಗ ಬಂತು, ಹಳೆಯ ಆಸೆ ಹೋಯಿತು. ಡಿಸ್ಕು ‘ಟಕ್ ಟಕ್’ ಎನ್ನಲು ಶುರುಮಾಡಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಉಳಿದಿರುವುದೂ ಗೀರಿ ಹೋಗುತ್ತದೆ.

ತಪ್ಪು ಕಲ್ಪನೆ: “ದಾಖಲೆಗಳೆಲ್ಲ ಸರ್ಕಾರದ ಹತ್ತಿರ ಇವೆ.”

ವಾಸ್ತವ: ಅರ್ಧ ಸತ್ಯ, ಮತ್ತು ಉಪಯೋಗಕ್ಕೆ ಬರುವ ಅರ್ಧ. ಪಹಣಿ ಭೂಮಿ ತಂತ್ರಾಂಶದಲ್ಲಿದೆ, ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದು. ಆಧಾರ್, ಚಾಲನಾ ಪರವಾನಗಿ, ಹಲವು ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಇಂಥವಕ್ಕೆ ತಲೆಕೆಡಿಸಿಕೊಳ್ಳುವುದು ಬೇಡ. ಯಾವ ಕಚೇರಿಯೂ ಮತ್ತೆ ಕೊಡಲಾರದ್ದು ಅಜ್ಜಿಯ ಹಾಡು, ಅಪ್ಪನ ಕೈಬರಹದ ಲೆಕ್ಕದ ಪುಸ್ತಕದ ಸ್ಕ್ಯಾನ್, ಮನೆ ಪಾಲಾದಾಗಿನ ಪಂಚಾಯ್ತಿ ಕಾಗದದ ಚಿತ್ರ. ಮೊದಲು ಅವನ್ನು ನಕಲು ಮಾಡಿ. ದೊಡ್ಡವರ ಹತ್ತಿರ ಇದ್ದ ಮಾತ್ರಕ್ಕೆ ಕ್ಷೇಮ ಎನ್ನುವಂತೆಯೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯಿತು. ಅದಕ್ಕೆ ಬೇರೆ ಕಡೆ ಪ್ರತಿ ಇರಲಿಲ್ಲ.

ತಪ್ಪು ಕಲ್ಪನೆ: “ಫೈಲ್ ಭದ್ರವಾಗಿದ್ದರೆ ಸಾಕು, ಬರಹ ಎಲ್ಲಿಗೆ ಹೋಗುತ್ತದೆ?”

ವಾಸ್ತವ: ಕನ್ನಡದವರಿಗೆ ಮಾತ್ರ ಅರ್ಥವಾಗುವ ಸಂಕಟ ಇದು. ಹದಿನೈದು ಇಪ್ಪತ್ತು ವರ್ಷದ ಹಿಂದೆ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಶ್ರೀಲಿಪಿಯಲ್ಲಿ ಟೈಪು ಮಾಡಿದ ಬರಹಗಳಲ್ಲಿ ಬಹುಪಾಲು ಯುನಿಕೋಡ್ ಅಲ್ಲ. ಅಂದರೆ ಫೈಲಿನ ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಅದರ ಮೇಲೆ ಕನ್ನಡದ ವೇಷ ಹಾಕುವುದು ಆ ಫಾಂಟು. ಮೇಷ್ಟರ ಊರ ಇತಿಹಾಸದ ಫೈಲು ಸುರಕ್ಷಿತವಾಗಿ ಪೆನ್‌ಡ್ರೈವ್‌ನಲ್ಲಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಮಗ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕಿ, ಬಾಲ ಹೊತ್ತ ವಿಚಿತ್ರ ಅಕ್ಷರಗಳ ಸಾಲು. ವೈರಸ್ ಹೊಡೆದಿದೆ ಎಂದುಕೊಂಡು ಅಳಿಸಿದವರೂ ಇದ್ದಾರೆ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ್ದಾದರೆ ತೆರೆಯುವ ತಂತ್ರಾಂಶವೂ ಸಿಗುವುದಿಲ್ಲ.

ಪರಿಹಾರ ಕಷ್ಟದ್ದಲ್ಲ, ಮಾಡಬೇಕಷ್ಟೇ. ನುಡಿ ಮತ್ತು ‘ಬರಹ’ ಎಂಬ ತಂತ್ರಾಂಶ ಎರಡರಲ್ಲೂ ಹಳೆಯ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಸೌಲಭ್ಯ ಇದೆ. ಬದಲಿಸಿದ ಮೇಲೆ ಒಮ್ಮೆ ಓದಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳಲ್ಲಿ ಅಲ್ಲಲ್ಲಿ ಎಡವುತ್ತದೆ. ಜೊತೆಗೆ ಹಳೆಯ ಕಂಪ್ಯೂಟರ್ ಇನ್ನೂ ಓಡುತ್ತಿರುವಾಗಲೇ ಅದೇ ಫೈಲಿನ ಒಂದು ಪಿಡಿಎಫ್ ಮಾಡಿಡಿ. ಫಾಂಟು ಅದರೊಳಗೇ ಅಡಕವಾಗಿರುವುದರಿಂದ ಯಾವ ಯಂತ್ರದಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಮೂಲ ಫೈಲನ್ನೂ ಎಸೆಯಬೇಡಿ.

ತಪ್ಪು ಕಲ್ಪನೆ: “ಹೋದ ವರ್ಷವೇ ಮಾಡಿಟ್ಟಿದ್ದೇನೆ.”

ವಾಸ್ತವ: ತೆರೆದು ನೋಡಿದ್ದೀರಾ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಕೈತಪ್ಪಿ ಮುಖ್ಯ ದತ್ತಾಂಶ ಅಳಿಸಿದರು. ಬ್ಯಾಕಪ್‌ಗೆ ಐದು ಬಗೆಯ ವ್ಯವಸ್ಥೆ ಇತ್ತು. ನೋಡಿದರೆ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಅಂಥವರ ಪಾಡೇ ಹೀಗೆ. ಮನೆಯಲ್ಲಿ ಪರೀಕ್ಷೆ ಸುಲಭ: ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ನಾಲ್ಕು ಫೋಟೊ, ಎರಡು ವಿಡಿಯೊ, ಒಂದು ಬರಹ ತೆರೆದು ಕೊನೆಯವರೆಗೂ ನೋಡಿ.

ಬೀಗದ ಕೈ ವಿಚಾರವೂ ಇಲ್ಲೇ ಬರುತ್ತದೆ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಮದರ್‌ಬೋರ್ಡ್ ಬದಲಿಸಿದ ದಿನ ಅದು 48 ಅಂಕಿಯ ಸಂಖ್ಯೆ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಸಂಖ್ಯೆ ಇರುತ್ತದೆ. ಖಾತೆಯ ಪಾಸ್‌ವರ್ಡ್ ಬೆಂಗಳೂರಿನ ಮಗನಿಗೆ ಮಾತ್ರ ಗೊತ್ತು, ಮಗ ಮರೆತಿದ್ದಾನೆ. ಆ 48 ಅಂಕಿಯನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ ಇಡುವ ಜಾಗದಲ್ಲಿ ಇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಅದು ಎಲ್ಲಿದೆ ಎಂದು ಹೇಳಿರಿ.

ಎಷ್ಟು ದಿನಕ್ಕೊಮ್ಮೆ ಎಂದು ಕೇಳುವವರಿಗೆ ನನ್ನ ಲೆಕ್ಕ ಹೀಗಿದೆ. ಒಂದೇ ಅಳತೆಯ ಎರಡು ಡಿಸ್ಕ್ ಕೊಳ್ಳಿ. ಒಂದು ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಮಗಳ ಮನೆಯಲ್ಲಿ. ದೊಡ್ಡಹಬ್ಬ ದೀಪಾವಳಿಗೆ ಅವಳು ಬರುವಾಗ ತನ್ನಲ್ಲಿರುವುದನ್ನು ತರಲಿ, ಹೊಸದನ್ನೆಲ್ಲ ತುಂಬಿದ ಇಲ್ಲಿಯದನ್ನು ಒಯ್ಯಲಿ. ಯುಗಾದಿಗೆ ಮತ್ತೆ ಅದಲುಬದಲು. ನಡುವೆ ಲೆಕ್ಕ, ಬರಹದಂಥ ದಿನನಿತ್ಯದ ಫೈಲುಗಳಿಗೆ ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಸಾಕು. ಡಿಸ್ಕ್ ಸಿಕ್ಕಿಸಿದಾಗ ಬದಲಾದದ್ದನ್ನು ಅದೇ ನಕಲು ಮಾಡಿಕೊಳ್ಳುತ್ತದೆ. ಡಿಸ್ಕಿನ ಮೇಲೆ ಕೊಂಡ ವರ್ಷ ಬರೆದು ಚೀಟಿ ಅಂಟಿಸಿ, ಐದು ವರ್ಷ ತುಂಬಿದ್ದನ್ನು ಸರಿಯಾಗಿಯೇ ಓಡುತ್ತಿದ್ದರೂ ಬದಲಿಸಿ.

ಇಷ್ಟೆಲ್ಲ ಒಂದೇ ದಿನ ಆಗದು. ಈ ಭಾನುವಾರ ಹಿರಿಯರ ದನಿ ಇರುವ ಒಂದು ಫೋಲ್ಡರ್ ಹುಡುಕಿ ಎರಡನೇ ಡಿಸ್ಕಿಗೆ ಕಾಪಿ ಮಾಡಿ, ಕಟ್ ಅಲ್ಲ. ಉಳಿದದ್ದು ಮುಂದಿನ ಭಾನುವಾರ.